ಧೂಳಿಗೂ ಒಂದು ಜೋಳಿಗೆ ಬೇಕು



ಬಾದಾಮಿಯ ಮೇಣಬಸದಿಗಳನ್ನು ನೋಡಲು ಹೋದವರೆಲ್ಲ ಮೂರನೆಯ ಬಸದಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ. ಚಾಲುಕ್ಯ ಮಂಗಳೇಶನು ಕ್ರಿ.ಶ. 578ರಲ್ಲಿ ಅದನ್ನು ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಅರಸನ ಹೆಸರು ಉಳಿಯಿತು, ಕಾಲವೂ ಉಳಿಯಿತು. ಆದರೆ ಆ ಮರಳುಗಲ್ಲಿನ ಗುಡ್ಡದ ಹೊಟ್ಟೆಯನ್ನು ಚಾಣದಿಂದ ಕಡಿಯುತ್ತ, ಎದ್ದ ಧೂಳನ್ನು ಹಗಲೆಲ್ಲ ಉಸಿರಾಡಿದ ಕೈಗಳು ಎಷ್ಟು, ಅವರಲ್ಲಿ ಎಷ್ಟು ಜನ ಮುಪ್ಪಿನವರೆಗೆ ಬದುಕಿದರು ಎಂಬುದು ಯಾವ ಶಾಸನದಲ್ಲಿಯೂ ಇಲ್ಲ. ಐಹೊಳೆ, ಪಟ್ಟದಕಲ್ಲುಗಳ ಮಾತೂ ಇದೇ.

ಅಂದಿನ ಲೆಕ್ಕ ನಮಗೆ ಸಿಗದು. ಇಂದಿನ ಲೆಕ್ಕವನ್ನಾದರೂ ಇಡಬೇಕಲ್ಲವೇ? ನಮ್ಮ ಜಿಲ್ಲೆಯು ಇಂದಿಗೂ ಕಲ್ಲನ್ನು ನಂಬಿಯೇ ಬದುಕುತ್ತಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ದೂರದ ದೇಶಗಳವರೆಗೆ ಹೋಗುತ್ತದೆ. ಬಾಗಲಕೋಟೆಯ ಸುಣ್ಣದಕಲ್ಲು ಸಿಮೆಂಟಾಗುತ್ತದೆ. ಹುನಗುಂದ, ಬಾದಾಮಿ ಸೀಮೆಯ ಅನೇಕ ಕುಟುಂಬಗಳು ಕಲ್ಲಿನ ಖಣಿಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ, ಪಾಲಿಶ್ ಕಾರ್ಖಾನೆಗಳಲ್ಲಿ ದುಡಿಯುತ್ತವೆ. ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಇವರಲ್ಲಿ ಬಹಳಷ್ಟು ಜನ ನಮ್ಮ ಮಠಗಳ ಜಾತ್ರೆಗೆ ಬರುವವರು, ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸುವವರು. ಅವರಿಗೆ ಕೆಲಸ ಕೊಡುವ ಮಾಲೀಕರೂ ಗುತ್ತಿಗೆದಾರರೂ ಅದೇ ಪಂಕ್ತಿಯಲ್ಲಿ ಇರುತ್ತಾರೆ. ಆದ್ದರಿಂದ ಈ ಮಾತನ್ನು ಮಠದ ಪತ್ರಿಕೆಯಲ್ಲಿ ಆಡುವುದೇ ಯೋಗ್ಯವೆಂದು ನನಗೆ ತೋರಿತು.

ಕೆಲವು ವರ್ಷಗಳ ಹಿಂದೆ ನಲವತ್ತರ ಆಸುಪಾಸಿನ ಒಬ್ಬ ಕಾಯಕಜೀವಿ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹದಿನೆಂಟು ವರ್ಷ ಕಲ್ಲಿಗೆ ತೂತು ಹೊಡೆಯುವ ಯಂತ್ರ ಹಿಡಿದವರು. ಎರಡು ಸಲ ಕ್ಷಯರೋಗದ ಔಷಧಿಯನ್ನು ಪೂರ್ತಿ ತೆಗೆದುಕೊಂಡಿದ್ದರು. ಕಫದಲ್ಲಿ ರೋಗಾಣು ಕಾಣಲಿಲ್ಲ. ಉಸಿರಾಟ ಮಾತ್ರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿತ್ತು. ನಾಲ್ಕು ಮೆಟ್ಟಿಲು ಏರಿದವರು ಮಾತಾಡಲು ಐದು ನಿಮಿಷ ಕಾಯಬೇಕಾಯಿತು. ಎದೆಯ ಕ್ಷಕಿರಣ ಚಿತ್ರದಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗಂಟುಗಳು ರಾಗಿ ಚೆಲ್ಲಿದಂತೆ ಕಾಣುತ್ತಿದ್ದವು. ಅದು ಕಲ್ಲಿನ ಧೂಳಿನ ರೋಗ, ಸಿಲಿಕೋಸಿಸ್. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾಹೇಬರ, ಆರಾಮ ಆಗತದೇನ್ರಿ?” ಆಗುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ವರ್ಷ ಅವರು ಲಿಂಗೈಕ್ಯರಾದರು. ಅವರ ಮನೆಯಾಕೆಗೆ ಒಂದು ರೂಪಾಯಿ ಪರಿಹಾರವೂ ಬರಲಿಲ್ಲ. ಎಲ್ಲೆಲ್ಲಿ ದುಡಿದಿದ್ದರು ಎಂಬುದಕ್ಕೆ ಅವರ ಬಳಿ ಒಂದು ಚೀಟಿಯೂ ಇರಲಿಲ್ಲ. ತಪ್ಪು ನನ್ನದೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ನಿಧಾನವಾಗಿ ಆಗುವ ಅಪಘಾತ

ಖಣಿಯಲ್ಲಿ ದಿಮ್ಮಿ ಉರುಳಿ ಕಾಲು ಮುರಿದರೆ ಊರೇ ಓಡಿ ಬರುತ್ತದೆ. ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ಮಾಲೀಕರೂ ಆಸ್ಪತ್ರೆಗೆ ಬರುತ್ತಾರೆ. ಧೂಳು ಮಾಡುವ ಗಾಯಕ್ಕೆ ಸದ್ದಿಲ್ಲ, ರಕ್ತವಿಲ್ಲ. ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ಕಾಲ ದಿನಕ್ಕಿಷ್ಟು ಎಂಬಂತೆ ಅದು ನಡೆಯುತ್ತಲೇ ಇರುತ್ತದೆ. ಧೂಳು ಬಹಳ ದಟ್ಟವಾಗಿದ್ದ ಕಡೆ ಕೆಲವೇ ವರ್ಷಗಳಲ್ಲಿಯೂ ರೋಗ ಬರುವುದುಂಟು.

ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಇಲ್ಲವೇ ಅದಕ್ಕಿಂತ ಹೆಚ್ಚು ಸ್ಫಟಿಕರೂಪದ ಸಿಲಿಕಾ ಇರುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಂತೂ ಅದೇ ಹೆಚ್ಚಿನ ಪಾಲು. ಕಲ್ಲನ್ನು ಕೊರೆದಾಗ, ಕಡಿದಾಗ, ಅರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದಪ್ಪ ಕಣಗಳು ಮೂಗು, ಗಂಟಲುಗಳಲ್ಲಿಯೇ ತಡೆಯಲ್ಪಡುತ್ತವೆ. ಹಾನಿ ಮಾಡುವವು ಕಣ್ಣಿಗೆ ಕಾಣದವು, ಸುಮಾರು ಐದು ಮೈಕ್ರಾನಿಗಿಂತ ಸಣ್ಣವು. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂಬುದನ್ನು ನೆನೆದರೆ ಆ ಕಣಗಳ ಸೂಕ್ಷ್ಮತೆ ತಿಳಿದೀತು. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುತ್ತವೆ. ಅಲ್ಲಿಯ ಕಾವಲು ಜೀವಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾರದೆ ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಉರಿಯೂತ ಹುಟ್ಟಿ ಗಾಯದ ಕಲೆಯಂಥ ಗಡಸು ನಾರು ಬೆಳೆಯುತ್ತದೆ. ಹಿಗ್ಗಿ ಕುಗ್ಗಬೇಕಾದ ಮೃದು ಅಂಗವು ಬಿಗಿದುಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಇದನ್ನು ಹಿಂದಿರುಗಿಸುವ ಔಷಧಿ ಇಂದಿಗೂ ಇಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು. ಅದು ಕ್ಯಾನ್ಸರಿಗೂ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿಯೇ ನಿರ್ಣಯಿಸಿದೆ.

ಈ ರೋಗ ಕನ್ನಡ ನಾಡಿಗೆ ಹೊಸತಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಎಂದು ನಾವು ವೈದ್ಯಕೀಯ ಪಠ್ಯದಲ್ಲಿ ಓದಿದ್ದೇವೆ. ಆ ಗಣಿಗಳು 2001ರಲ್ಲಿ ಮುಚ್ಚಿದವು. ರೋಗ ಮಾತ್ರ ಕಲ್ಲು ಇರುವ ಕಡೆಯಲ್ಲೆಲ್ಲ ಉಳಿದುಕೊಂಡಿದೆ. ಆಸ್ಟ್ರೇಲಿಯಾ ದೇಶವು ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲನ್ನು, ಅದನ್ನು ಕತ್ತರಿಸುವ ಯುವಕರಿಗೆ ಇದೇ ರೋಗ ಬರುತ್ತಿದೆಯೆಂದು, 2024ರ ಜುಲೈ 1ರಿಂದ ನಿಷೇಧಿಸಿತು. ನಮ್ಮಲ್ಲಿ ಕಲ್ಲನ್ನು ನಿಷೇಧಿಸಬೇಕೆಂದು ಯಾರೂ ಹೇಳುತ್ತಿಲ್ಲ. ಕಲ್ಲು ನಿಂತರೆ ಸಾವಿರಾರು ಒಲೆಗಳು ನಿಲ್ಲುತ್ತವೆ. ಧೂಳನ್ನು ನಿಲ್ಲಿಸಬಹುದು ಎಂಬುದಷ್ಟೇ ನನ್ನ ಮಾತು.

ಅದಕ್ಕೆ ಮೊದಲ ಸಾಧನ ನೀರು. ಕೊರೆಯುವ ಯಂತ್ರದ ಬಾಯಿಗೆ ನೀರು ಬಿಟ್ಟರೆ ಧೂಳು ಕೆಸರಾಗಿ ಕೆಳಗೆ ಇಳಿಯುತ್ತದೆ. ವಜ್ರದ ತಂತಿಯಿಂದ ದಿಮ್ಮಿ ಕೊಯ್ಯುವಾಗ, ಪಾಲಿಶ್ ಮಾಡುವಾಗ ನೀರು ಬಿಡುವುದು ರೂಢಿಯಲ್ಲಿದೆ. ಅದು ಯಂತ್ರ ಕಾಯಬಾರದೆಂಬ ಕಾರಣಕ್ಕೆ. ಯಂತ್ರಕ್ಕೆ ತೋರುವ ಈ ಕಾಳಜಿಯನ್ನು ಮನುಷ್ಯನ ಎದೆಗೂ ತೋರಿದರೆ ಅರ್ಧ ಕೆಲಸವಾಯಿತು. ಕ್ರಷರಿನಲ್ಲಿ ನೀರಿನ ತುಂತುರು ಮತ್ತು ಮುಚ್ಚಿಗೆ, ಒಣ ಕೆಲಸ ತಪ್ಪದ ಕಡೆ ಧೂಳನ್ನು ಹುಟ್ಟಿದಲ್ಲಿಯೇ ಹೀರುವ ಪಂಖ, ಇವು ಎರಡನೆಯವು. ಮುಖಕವಚ ಕೊನೆಯದು. ರುಮಾಲನ್ನು ಮುಖಕ್ಕೆ ಸುತ್ತಿಕೊಂಡರೆ ಸಾಕೆಂದು ನಮ್ಮ ಜನ ನಂಬಿದ್ದಾರೆ. ಬಟ್ಟೆಯ ಎಳೆಗಳ ನಡುವಿನ ಸಂದು ಆ ಸೂಕ್ಷ್ಮ ಕಣಗಳಿಗೆ ಹೆಬ್ಬಾಗಿಲು. ಎನ್-95 ದರ್ಜೆಯ ಕವಚ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂಡಬೇಕು. ಆದರೆ ನಮ್ಮ ಸೀಮೆಯ ಬೇಸಿಗೆಯಲ್ಲಿ ಎಂಟು ತಾಸು ಅದನ್ನು ಹಾಕಿಕೊಂಡು ಸುತ್ತಿಗೆ ಬೀಸಲು ಯಾರಿಂದಲೂ ಆಗದು. ಕವಚ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಧೂಳನ್ನು ಮೊದಲು ನೀರಿನಿಂದ ಇಳಿಸಿ, ಉಳಿದ ಸ್ವಲ್ಪಕ್ಕೆ ಕವಚ ಕೊಡಬೇಕು.

ಪರಿಹಾರ ದಾನವಲ್ಲ

ಇಷ್ಟಾದರೂ ಅವಘಡಗಳು ಆಗುತ್ತವೆ. ಆದಾಗ ಏನು? ನಮ್ಮ ಊರುಗಳಲ್ಲಿ ನಡೆದು ಬಂದ ಪದ್ಧತಿ ಎಲ್ಲರಿಗೂ ಗೊತ್ತು. ಹಿರಿಯರು ಕೂಡುತ್ತಾರೆ, ಒಂದಿಷ್ಟು ಹಣ ಮಾತಾಗುತ್ತದೆ, ಬಾಂಡ್ ಕಾಗದದ ಮೇಲೆ ಮನೆಯಾಕೆಯ ಹೆಬ್ಬೆಟ್ಟು ಬೀಳುತ್ತದೆ. ಕೊಟ್ಟವರು ಪುಣ್ಯ ಮಾಡಿದೆವೆಂದು ತಿಳಿಯುತ್ತಾರೆ, ಪಡೆದವರು ಋಣಕ್ಕೆ ಬಿದ್ದೆವೆಂದು ತಿಳಿಯುತ್ತಾರೆ. ಇಬ್ಬರ ತಿಳುವಳಿಕೆಯೂ ತಪ್ಪು.

ದುಡಿಮೆಯ ನಡುವೆ ಆದ ಹಾನಿಗೆ ಮಾಲೀಕನು ಪರಿಹಾರ ಕೊಡಲೇಬೇಕೆಂಬ ಕಾಯ್ದೆ ನಮ್ಮ ದೇಶದಲ್ಲಿ 1923ರಲ್ಲಿಯೇ ಆಯಿತು. 2009ರ ತಿದ್ದುಪಡಿಯಿಂದ ಅದು ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದನ್ನು ತನ್ನೊಳಗೆ ಸೇರಿಸಿಕೊಂಡಿದ್ದು, ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಹೆಸರು ಬದಲಾದರೂ ತಿರುಳು ಉಳಿದಿದೆ. ಮಾಲೀಕನ ತಪ್ಪು ಇತ್ತೆಂದು ಕಾರ್ಮಿಕನು ಸಿದ್ಧಪಡಿಸಬೇಕಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಹಾನಿಯಾಯಿತು ಎಂಬುದಷ್ಟೇ ಸಾಕು. ಮನೆಗೂ ಕೆಲಸದ ಜಾಗಕ್ಕೂ ನಡುವೆ ಹೋಗಿಬರುವಾಗ ಆದ ಅಪಘಾತವನ್ನೂ ಹೊಸ ಸಂಹಿತೆ ಷರತ್ತುಗಳೊಡನೆ ಒಳಗೊಂಡಿದೆ.

ಲೆಕ್ಕ ಹೀಗಿದೆ. ಮರಣವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. ಜೀವವಿದ್ದೂ ಯಾವ ದುಡಿಮೆಯೂ ಆಗದಂತಾದರೆ ಕೂಲಿಯ ನೂರಕ್ಕೆ ಅರುವತ್ತು ಭಾಗವನ್ನು ಅದೇ ರೀತಿ ಗುಣಿಸಬೇಕು. ನಲವತ್ತು ವರ್ಷದವರ ಗುಣಾಂಕ 184.17. ತಿಂಗಳಿಗೆ 15,000 ರೂಪಾಯಿ ಕೂಲಿ ಹಿಡಿದರೆ ಮರಣಕ್ಕೆ 13,81,275 ರೂಪಾಯಿ, ಪೂರ್ಣ ಅಂಗವೈಕಲ್ಯಕ್ಕೆ 16,57,530 ರೂಪಾಯಿ. ಮೂವತ್ತು ವರ್ಷದವರಾದರೆ ಗುಣಾಂಕ 207.98, ಮರಣದ ಪರಿಹಾರ 15,59,850 ರೂಪಾಯಿ. ಹಿರಿಯರ ಪಂಚಾಯಿತಿಯಲ್ಲಿ ಮಾತಾಗುವ ಹಣವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಇನ್ನೂ ಕೆಲವು ಮಾತುಗಳು ಪ್ರತಿಯೊಂದು ದುಡಿಯುವ ಮನೆಗೂ ತಿಳಿದಿರಬೇಕು. ಮರಣದ ಪರಿಹಾರವನ್ನು ಮಾಲೀಕನು ನೇರವಾಗಿ ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ. ಅಧಿಕಾರಿಯ ಬಳಿ ಠೇವಣಿ ಇಡಬೇಕು, ಅವರು ಅವಲಂಬಿತರಿಗೆ ಹಂಚುತ್ತಾರೆ. ವಿಧವೆಯ ಪಾಲನ್ನು ಮೈದುನರೋ ಸಾಲಗಾರರೋ ಕಸಿಯಬಾರದೆಂಬ ದೂರದೃಷ್ಟಿ ಅದರಲ್ಲಿದೆ. ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆಂದು ಬರೆಸಿಕೊಂಡ ಕಾಗದಕ್ಕೆ ಬೆಲೆಯಿಲ್ಲ. ಗುತ್ತಿಗೆದಾರನ ಕೈಕೆಳಗೆ ದುಡಿದವನಿಗೆ ಮೂಲ ಮಾಲೀಕನೂ ಹೊಣೆಗಾರ. ಹಣ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಬಡ್ಡಿ, ಸಮರ್ಥನೆಯಿಲ್ಲದ ವಿಳಂಬಕ್ಕೆ ದಂಡ ಎಂಬುದು 1923ರ ಕಾಯ್ದೆಯ ನಿಯಮ. ಅರ್ಜಿಗೆ ಆ ಕಾಯ್ದೆಯಲ್ಲಿ ಎರಡು ವರ್ಷದ ಗಡುವಿತ್ತು. ಆದ್ದರಿಂದ ದುಃಖದ ನಡುವೆಯೂ ತಡಮಾಡದೆ ತಿಳಿದವರನ್ನು ಕಾಣಬೇಕು.

ಧೂಳಿನ ರೋಗಕ್ಕೂ ಈ ಹಕ್ಕು ಇದೆ ಎಂಬುದು ಅನೇಕ ವೈದ್ಯರಿಗೂ ತಿಳಿದಿಲ್ಲ. ಕಾಯ್ದೆಯ ಮೂರನೆಯ ಅನುಸೂಚಿಯು ವೃತ್ತಿರೋಗಗಳ ಪಟ್ಟಿಯನ್ನು ಕೊಡುತ್ತದೆ. ಪಟ್ಟಿಯಲ್ಲಿರುವ ರೋಗವನ್ನು ಅಪಘಾತದ ಗಾಯಕ್ಕೆ ಸಮನೆಂದು ಎಣಿಸುತ್ತದೆ. ಅದರಲ್ಲಿ ಸಿಲಿಕೋಸಿಸ್ ಇದೆ. ಸಿಲಿಕೋಸಿಸ್ಸಿನ ಜೊತೆಗೂಡಿ ಬಂದ ಕ್ಷಯವೂ ಇದೆ. ಹತ್ತಿಯ ಧೂಳಿನ ಶ್ವಾಸರೋಗವಿದೆ. ಇಳಕಲ್ಲು, ಗುಳೇದಗುಡ್ಡಗಳ ನೂಲು, ಮಗ್ಗದ ಕೆಲಸದವರು ಇದನ್ನು ನೆನಪಿಡಬೇಕು. ಕಬ್ಬಿನ ಸಿಪ್ಪೆಯ ಧೂಳಿನ ರೋಗವೂ ಇದೆ. ಸಕ್ಕರೆ ಕಾರ್ಖಾನೆಗಳಿರುವ ಮುಧೋಳ, ಜಮಖಂಡಿಯವರಿಗೆ ಅದು ಸಂಬಂಧಿಸಿದ್ದು. ನಾಲ್ಕು ಖಣಿಗಳಲ್ಲಿ ದುಡಿದಿದ್ದರೆ ಯಾರನ್ನು ಕೇಳಬೇಕೆಂಬ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. ಅಧಿಕಾರಿಯು ನ್ಯಾಯವೆನಿಸಿದ ಪ್ರಮಾಣದಲ್ಲಿ ಆ ಮಾಲೀಕರೆಲ್ಲರ ನಡುವೆ ಹೊಣೆ ಹಂಚಬಹುದು.

ಇನ್ನು ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಲ್ಲಿ, ತಿಂಗಳಿಗೆ 21,000 ರೂಪಾಯಿಯವರೆಗೆ ಕೂಲಿ ಪಡೆಯುವವರಿಗೆ, 1948ರ ಕಾಯ್ದೆಯಿಂದ ಬಂದ ರಾಜ್ಯ ವಿಮಾ ಯೋಜನೆ, ಜನರ ಬಾಯಲ್ಲಿ ಇ.ಎಸ್.ಐ., ಅನ್ವಯಿಸುತ್ತದೆ. ಕೂಲಿಯ ನೂರು ರೂಪಾಯಿಗೆ ಕಾರ್ಮಿಕನದು 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಕೆಲಸದ ಗಾಯದಿಂದ ದುಡಿಯಲಾಗದವರಿಗೆ ಕೂಲಿಯ ನೂರಕ್ಕೆ ತೊಂಬತ್ತರಷ್ಟು ಬರುತ್ತದೆ. ಸತ್ತರೆ ಅವಲಂಬಿತರಿಗೆ ಮಾಸಾಶನ. ಆದರೆ ಆ ಕಾಯ್ದೆಯು ಗಣಿಯನ್ನು ಕಾರ್ಖಾನೆ ಎಂಬ ಮಾತಿನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಪಾಲಿಶ್ ಕಾರ್ಖಾನೆಯ ಕೆಲಸಗಾರನಿಗೆ ಕಾರ್ಡು, ಅದೇ ಕಲ್ಲನ್ನು ಖಣಿಯಿಂದ ಎಬ್ಬಿಸಿಕೊಟ್ಟವನಿಗೆ ಏನೂ ಇಲ್ಲ ಎಂಬ ಸ್ಥಿತಿ ಬಂದದ್ದು ಹೀಗೆ. ಖಣಿಯವನಿಗೆ ಆಸರೆಯಾಗಿ ಉಳಿದದ್ದು ಪರಿಹಾರದ ಕಾಯ್ದೆಯೊಂದೇ.

ಹಕ್ಕಿದ್ದೂ ಕೈಗೆ ಬಾರದು ಏಕೆ?

ಇಷ್ಟೆಲ್ಲ ಇದ್ದೂ ನಾನು ಹೇಳಿದ ಆ ಕಾಯಕಜೀವಿಯ ಮನೆಗೆ ಏನೂ ಬರಲಿಲ್ಲ. ಕಾರಣಗಳು ಮೂರು.

ಮೊದಲನೆಯದು ದಾಖಲೆ. ವಾರಕ್ಕೊಮ್ಮೆ ಕೈಯಲ್ಲಿ ಬಟವಾಡೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಗುರುತಿನ ಚೀಟಿಯಿಲ್ಲ. ಕಾಯ್ದೆಯ ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ಕೈಯಲ್ಲಿ ಕಾಗದವಿಲ್ಲ. ಎಲ್ಲ ಕಾರ್ಮಿಕರಿಗೂ ನೇಮಕ ಪತ್ರ ಕೊಡಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಆ ಒಂದು ಹಾಳೆಯನ್ನು ಕೇಳಿ ಪಡೆಯಿರಿ. ಅದು ದೊರೆಯುವವರೆಗೆ ಒಂದು ವಹಿಯಲ್ಲಿ ದುಡಿದ ಜಾಗ, ದಿನ, ಕೂಲಿ, ಜೊತೆಗೆ ದುಡಿದವರ ಹೆಸರನ್ನು ಮಕ್ಕಳ ಕೈಯಿಂದಾದರೂ ಬರೆಸಿಡಿರಿ. ಗುಳೆ ಹೋಗುವವರಿಗಂತೂ ಇದು ಬುತ್ತಿಯಷ್ಟೇ ಅವಶ್ಯ.

ಎರಡನೆಯದು ತಪಾಸಣೆ. 1955ರ ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ವೈದ್ಯಕೀಯ ಪರೀಕ್ಷೆ ನಡೆಯಬೇಕು. ಮೊದಲ ಕ್ಷಕಿರಣ ಚಿತ್ರದಲ್ಲಿ ಶುದ್ಧವಾಗಿದ್ದ ಎದೆಯಲ್ಲಿ ಹತ್ತು ವರ್ಷದ ಮೇಲೆ ಗಂಟುಗಳು ಕಂಡರೆ ಬೇರೆ ಸಾಕ್ಷಿ ಏಕೆ ಬೇಕು? ಇದು ಪ್ರಾಮಾಣಿಕ ಮಾಲೀಕನಿಗೂ ರಕ್ಷೆಯೇ. ಬೇರೆಡೆ ರೋಗ ತಂದವರ ಹೊಣೆ ಪೂರ್ತಿ ಅವನ ಮೇಲೆ ಬೀಳುವುದಿಲ್ಲ.

ಮೂರನೆಯದು ನಮ್ಮಂಥ ವೈದ್ಯರು. ಸಿಲಿಕೋಸಿಸ್ ಕಂಡ ವೈದ್ಯನು ಸರಕಾರಕ್ಕೆ ವರದಿ ಮಾಡಬೇಕೆಂದು ಕಾರ್ಖಾನೆ ಕಾಯ್ದೆಯೂ ಗಣಿ ಕಾಯ್ದೆಯೂ ದಶಕಗಳಿಂದ ಹೇಳುತ್ತ ಬಂದವು. ನಾನು ಆ ರೋಗಿಯ ಚೀಟಿಯಲ್ಲಿ ಔಷಧಿಯನ್ನು ಬರೆದೆ, ರೋಗದ ಹೆಸರನ್ನೂ ಬರೆದೆ, ವರದಿಯನ್ನು ಬರೆಯಲಿಲ್ಲ. ಯಾರಿಗೆ ಬರೆಯಬೇಕೆಂದು ವಿಚಾರಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಬರೆದಿದ್ದರೆ ಆ ಮನೆಯಾಕೆಯ ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು. ನಮ್ಮ ಜಿಲ್ಲೆಯ ವೈದ್ಯಮಿತ್ರರು ನನ್ನಂತೆ ಪಶ್ಚಾತ್ತಾಪ ಪಡುವ ಮುನ್ನ ಕೆಮ್ಮಿನ ರೋಗಿಯನ್ನು ಒಂದು ಮಾತು ಕೇಳಲಿ: “ನೀವು ಏನು ಕೆಲಸ ಮಾಡತೀರಿ? ಎಷ್ಟು ವರ್ಷದಿಂದ?” ಉತ್ತರ ಕಲ್ಲು ಎಂದಾದರೆ ಕ್ಷಯವೆಂದು ಮಾತ್ರ ತೀರ್ಮಾನಿಸುವ ಮುನ್ನ ಇನ್ನೊಮ್ಮೆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಲಿ.

ರಾಜಸ್ಥಾನ ಸರಕಾರವು 2019ರಲ್ಲಿ ಧೂಳಿನ ರೋಗಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ರೋಗ ದೃಢಪಟ್ಟರೆ ಮೂರು ಲಕ್ಷ ರೂಪಾಯಿ, ಮರಣಾನಂತರ ಕುಟುಂಬಕ್ಕೆ ಎರಡು ಲಕ್ಷ, ಜೊತೆಗೆ ಮಾಸಾಶನ. ಮಾಲೀಕನ ಹೆಸರು ಹೇಳಲಾಗದ ಬಡವನಿಗೂ ಅಲ್ಲಿ ಒಂದು ದಾರಿಯಿದೆ. ಕಲ್ಲಿನಿಂದ ರಾಜಧನ ಪಡೆಯುವ ನಮ್ಮ ಸರಕಾರವೂ ಹೀಗೆ ಯೋಚಿಸಬೇಕೆಂದು ನಮ್ಮ ಜನಪ್ರತಿನಿಧಿಗಳು ಕೇಳಬೇಕು. ಅವರು ಮಠಕ್ಕೆ ಬಂದಾಗ ನಾವು ಅವರನ್ನು ಕೇಳಬೇಕು.

ಮಾಲೀಕರಾದ ಭಕ್ತರಲ್ಲಿ

ಸಣ್ಣ ಖಣಿಯ ಮಾಲೀಕರು ಹೇಳುವ ಮಾತನ್ನೂ ನಾನು ಕೇಳಿದ್ದೇನೆ. “ಹದಿನಾಲ್ಕು ಲಕ್ಷ ಎಲ್ಲಿಂದ ತರೋಣ? ಖಣಿ ಮಾರಿದರೂ ಸಾಲ ತೀರುವುದಿಲ್ಲ.” ಈ ಮಾತಿನಲ್ಲಿ ಸತ್ಯವಿದೆ. ಒಂದು ಸಾವು ಎರಡು ಮನೆಗಳನ್ನು ಮುಳುಗಿಸಬಲ್ಲದು. ವಿಮೆ ಹುಟ್ಟಿದ್ದೇ ಇದಕ್ಕಾಗಿ. ನೌಕರರ ಪರಿಹಾರ ವಿಮೆಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಒಟ್ಟು ಕೂಲಿಯ ಮೊತ್ತ ಮತ್ತು ಕೆಲಸದ ಅಪಾಯವನ್ನು ನೋಡಿ ವರ್ಷದ ಕಂತನ್ನು ನಿಗದಿ ಮಾಡುತ್ತವೆ. ಹತ್ತು ಜನರ ಹೊರೆಯನ್ನು ಸಾವಿರ ಜನ ಹೊರುವ ಈ ವ್ಯವಸ್ಥೆಯೂ ಒಂದು ಬಗೆಯ ದಾಸೋಹವೇ.

ಆದರೆ ವಿಮೆ ಕೊಳ್ಳುವಾಗ ಏಜೆಂಟರನ್ನು ಕೆಲವು ಮಾತು ಕೇಳಿ ಬರೆಸಿಕೊಳ್ಳಬೇಕು. ಗುತ್ತಿಗೆದಾರರ ಕೆಲಸಗಾರರು ಇದರಲ್ಲಿ ಸೇರಿದ್ದಾರೆಯೇ? ವೃತ್ತಿರೋಗಗಳು ಸೇರಿವೆಯೇ? ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಹೆಚ್ಚಿನ ಕಂತು ಕೊಟ್ಟು ಸೇರಿಸಿಕೊಳ್ಳಬೇಕಾಗುತ್ತದೆ. ಆಸ್ಪತ್ರೆಯ ವೆಚ್ಚ ಎಷ್ಟರವರೆಗೆ? ಕಂತು ಉಳಿಸಲೆಂದು ಹನ್ನೆರಡು ಜನರಿರುವಲ್ಲಿ ಐದು ಜನರನ್ನು ತೋರಿಸಿದರೆ ಅಪಘಾತದ ದಿನ ಆ ಉಳಿತಾಯ ಶೂಲವಾಗುತ್ತದೆ.

ಕಾರ್ಮಿಕರು ತಮ್ಮ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕೊಟ್ಟು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ಅಪಘಾತದ ಮರಣಕ್ಕೆ ಎರಡು ಲಕ್ಷ ದೊರೆಯುತ್ತದೆ. ಕಟ್ಟಡ ಕೆಲಸದವರು, ವರ್ಷದಲ್ಲಿ 90 ದಿನ ದುಡಿದಿದ್ದರೆ, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮನೆಯಲ್ಲಿಯೇ ಕುಣಿಮಗ್ಗ ನೇಯುವ, ಮಾಲೀಕರೆಂದು ಯಾರನ್ನೂ ತೋರಿಸಲಾಗದ ಇಳಕಲ್ಲಿನ ನೇಕಾರ ಬಂಧುಗಳಿಗೂ ಇಂಥ ವಿಮೆಗಳು ಆಸರೆಯಾಗುತ್ತವೆ. ಆದರೆ ಇವು ಮಾಲೀಕನ ಹೊಣೆಗೆ ಬದಲಿಯಲ್ಲ ಎಂಬುದನ್ನು ಮರೆಯಬಾರದು.

ಶರಣ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಶರಣೆ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಸಲ್ಲದ ಅಕ್ಕಿ ಮನೆಗೆ ಬರಬಾರದೆಂಬುದು ಅವರ ನಿಷ್ಠೆ. ಕೊರೆಯುವ ಯಂತ್ರಕ್ಕೆ ನೀರಿನ ಕೊಳವೆ ಜೋಡಿಸದೆ ಉಳಿಸಿದ ಹಣ, ವಿಮೆಯ ಕಂತು ಕಟ್ಟದೆ ಉಳಿಸಿದ ಹಣ ಆ ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು? ಆ ಹಣದಲ್ಲಿ ಒಂದು ಪಾಲನ್ನು ಮಠದ ಹುಂಡಿಗೆ ಹಾಕಿದರೂ ಅದು ಶುದ್ಧವಾಗದು. ಕಾಯಕವನ್ನು ಇಷ್ಟೊಂದು ಎತ್ತರದಲ್ಲಿ ಕಂಡ ಧರ್ಮದಲ್ಲಿ ಹುಟ್ಟಿ, ಕಾಯಕ ಮಾಡುವ ಕಾಯವನ್ನು ಕಡೆಗಣಿಸಿದರೆ ಕೂಡಲಸಂಗಮಕ್ಕೆ ಹೋಗಿ ನದಿಯಲ್ಲಿ ಮುಳುಗಿ ಬಂದು ಏನು ಫಲ?

ಜೋಳಿಗೆಯ ನೆನಪು

ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಕೇಳಿದ್ದು ಕಾಳಲ್ಲ, ಕಾಸಲ್ಲ. ನಿಮ್ಮ ಕುಡಿತವನ್ನು, ತಂಬಾಕನ್ನು, ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದರು. ಅಸಂಖ್ಯ ಮನೆಗಳ ದೀಪ ಅದರಿಂದ ಉಳಿಯಿತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ಜೋಳಿಗೆಗೂ ನಮ್ಮ ಇಂದಿನ ವಿಷಯಕ್ಕೂ ನೇರ ಸಂಬಂಧವಿದೆ. ಕುಡಿದ ಅಮಲಿನಲ್ಲಿ ಗಾಯವಾದರೆ, ಮರಣ ಮತ್ತು ಪೂರ್ಣ ಅಂಗವೈಕಲ್ಯದ ಹೊರತು, ಪರಿಹಾರದ ಹಕ್ಕು ತಪ್ಪಿಹೋಗಬಹುದು. ಕಲ್ಲಿನ ಧೂಳು ಹೊಕ್ಕ ಎದೆಗೆ ಬೀಡಿಯ ಹೊಗೆಯೂ ಸೇರಿದರೆ ಹಾನಿ ಇಮ್ಮಡಿಯಾಗುತ್ತದೆ.

ಅದೇ ಜೋಳಿಗೆಯನ್ನು ನಮ್ಮ ಮಠಗಳು ಇನ್ನೊಮ್ಮೆ ಹಿಡಿಯಲಿ ಎಂಬುದು ನನ್ನ ಪ್ರಾರ್ಥನೆ. ಈ ಸಲ ಖಣಿಯ, ಕ್ರಷರಿನ, ಕಾರ್ಖಾನೆಯ, ಕಟ್ಟಡದ ಬಾಗಿಲಿಗೆ. ನಿಮ್ಮ ಒಣ ಧೂಳನ್ನು ಈ ಜೋಳಿಗೆಗೆ ಹಾಕಿರಿ, ನಾಳೆಯಿಂದ ನೀರಿಲ್ಲದೆ ಕಲ್ಲು ಕೊರೆಯುವುದಿಲ್ಲವೆಂದು ಮಾತು ಕೊಡಿರಿ ಎಂದು ಸ್ವಾಮಿಗಳು ಕೇಳಿದರೆ ಇಲ್ಲವೆನ್ನುವ ಮಾಲೀಕ ನಮ್ಮ ಸೀಮೆಯಲ್ಲಿ ಇಲ್ಲ. ನಿರೀಕ್ಷಕರ ನೋಟಿಸಿಗೆ ಅಂಜದವರೂ ಗುರುವಿನ ಮಾತಿಗೆ ಬಾಗುತ್ತಾರೆ.

ಅದನ್ನು ಮಠದ ಅಂಗಳದಿಂದಲೇ ಆರಂಭಿಸಬೇಕು. ಮಠಗಳಲ್ಲಿ ಕಲ್ಲಿನ ಗುಡಿ, ಕಲ್ಯಾಣಮಂಟಪ, ಶಾಲೆ, ಪ್ರಸಾದನಿಲಯಗಳ ಕೆಲಸ ಸದಾ ನಡೆದಿರುತ್ತದೆ. ಗುತ್ತಿಗೆ ಬರೆದುಕೊಡುವಾಗ ಕೆಲಸಗಾರರೆಲ್ಲರ ವಿಮೆಯ ಪಾಲಿಸಿ, ಹಾಜರಿ ಪುಸ್ತಕ, ಎತ್ತರದ ಕೆಲಸಕ್ಕೆ ಸುರಕ್ಷಾ ಪಟ್ಟಿ, ಕಲ್ಲು ಕಡಿಯುವಲ್ಲಿ ನೀರು, ಇವುಗಳನ್ನು ಷರತ್ತಾಗಿ ಬರೆಯಲಿ. ಜಾತ್ರೆಯ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಕಾಯಿಲೆಗಳ ಜೊತೆಗೆ ಕಲ್ಲಿನ ಕೆಲಸಗಾರರ ಉಸಿರಿನ ಶಕ್ತಿಯನ್ನೂ ಅಳೆಯುವ ಏರ್ಪಾಡಾಗಲಿ. ಮಠದ ವಿದ್ಯಾಸಂಸ್ಥೆಗಳ ಕಾನೂನು ವಿದ್ಯಾರ್ಥಿಗಳು ಶಿಬಿರದ ಒಂದು ಮೂಲೆಯಲ್ಲಿ ಕುಳಿತು ಅರ್ಜಿ ಬರೆದುಕೊಡಲಿ. ಇದಕ್ಕೆ ದೊಡ್ಡ ಹಣ ಬೇಕಿಲ್ಲ.

ಬಾದಾಮಿಯ ಗುಡ್ಡವನ್ನು ಕಡಿದವರಿಗೆ ನಾವು ಇಂದು ಏನೂ ಮಾಡಲಾರೆವು. ಇಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಖಣಿಗೆ ಹೋದವರು ಮಾತ್ರ ಸಂಜೆ ಮನೆಗೆ ಬರುತ್ತಾರೆ. ಹದಿನೈದು ವರ್ಷದ ಮೇಲೆ ತಮ್ಮ ಮೊಮ್ಮಗುವನ್ನು ಎತ್ತಿಕೊಂಡು ಜಾತ್ರೆಯ ತೇರು ತೋರಿಸುವಷ್ಟು ಉಸಿರು ಅವರಲ್ಲಿ ಉಳಿದಿರಬೇಕು. ಅದಕ್ಕೆ ಬೇಕಾದ ನೀರನ್ನು ನಾಳೆಯೇ ಬಿಡಬಹುದು.